ಮಗು ಅಪ್ಪನ ಹತ್ತಿರ ಹೋಗಲ್ಲ ಅಂತಿದೆ. ಕೋರ್ಟು ಇದನ್ನು ಹೇಗೆ ನೋಡುತ್ತದೆ?

ದೇವಿಮನೆ ತಿರುವು (ಭಾನುವಾರ ರಾತ್ರಿ 9:20)

ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯವನು. ತಂಗಿಯ ವಿಷಯ. ಹೆಸರು, ಊರು ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ.

ತಂಗಿಯನ್ನು ಕಾರವಾರದ ಕಡೆ ಕೊಟ್ಟಿದ್ದೆವು. ಒಂಬತ್ತು ವರ್ಷದ ಸಂಸಾರ. ಮಾರಿಕಾಂಬೆ ಜಾತ್ರೆಗೆ ಬಂದಾಗ ಬಳೆ ಇಡಿಸಿಕೊಳ್ಳಲು ಕೈ ಚಾಚಿದಳು. ಮೊಣಕೈ ಮೇಲೆಲ್ಲ ನೀಲಿ. ಆಯಿ ಕೇಳಿದ್ದಕ್ಕೆ ಬಚ್ಚಲಲ್ಲಿ ಜಾರಿದೆ ಅಂದಳು. ನಾವು ನಂಬಿದೆವು. ನಂಬಿದರೆ ನಮಗೇ ಆರಾಮ ಇತ್ತು, ಅದಕ್ಕೇ.

ಈ ವರ್ಷ ಮೇ ತಿಂಗಳಲ್ಲಿ ಏಳು ವರ್ಷದ ಮಗನನ್ನು ಕರೆದುಕೊಂಡು ಬಂದುಬಿಟ್ಟಳು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಿದ್ದೇವೆ. ಭಾವ ಮಗನ ಕಸ್ಟಡಿ ಕೇಳಿ ಬೇರೆಯೇ ಅರ್ಜಿ ಹಾಕಿದ. ತಾಯಿ ಮಗುವಿನ ಮನಸ್ಸು ಕೆಡಿಸಿದ್ದಾಳೆ, ಇದು 'ಪೇರೆಂಟಲ್ ಏಲಿಯನೇಷನ್' ಅಂತ ಅದರಲ್ಲಿ ನಾಲ್ಕು ಪುಟ ಇದೆ.

ಸದ್ಯಕ್ಕೆ ಮಧ್ಯಂತರ ಆದೇಶ ಆಗಿದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಕಾರವಾರದಲ್ಲಿ ಎರಡು ತಾಸು ಭೇಟಿ. ಮಾಣಿಗೆ ಘಟ್ಟ ಇಳಿಯುವಾಗ ವಾಂತಿ. ಕುಮಟೆಯಲ್ಲಿ ಅಂಗಿ ಬದಲಿಸಿ ಮುಂದೆ ಹೋಗುವುದು. ಎರಡು ಸಲ ಹೋದ. ಮೂರನೇ ಸಲ ಕಾರಿನ ಬಾಗಿಲು ಹಿಡಿದು ಕೂತವನು ಇಳಿಯಲೇ ಇಲ್ಲ. ಈಗ ನಾವು ಆದೇಶ ಪಾಲಿಸಿಲ್ಲ ಅಂತ ಇನ್ನೊಂದು ಅರ್ಜಿ ಬಂದಿದೆ.

ಹೊಡೆತದ ವಿಷಯ ಎತ್ತಿದರೆ ಮಗುವಿನ ತಲೆ ತುಂಬಿದ್ದೀರಿ ಅಂತಾರೆ. ಎತ್ತದೇ ಇದ್ದರೆ ಹೊಡೆದಿದ್ದಕ್ಕೆ ಏನು ಸಾಕ್ಷಿ ಅಂತಾರೆ. ಜಡ್ಜ್ ಇದನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ? ಗೊತ್ತಿದ್ದವರು ಹೇಳಿ.

ಅಡಿಕೆ ಚೀಲ (ಭಾನುವಾರ ರಾತ್ರಿ 9:41)

ಕೋರ್ಟು ಯಾವತ್ತಿದ್ದರೂ ತಾಯಿಗೇ ಕೊಡುವುದು. ಸುಮ್ನೆ ತಲೆ ಬಿಸಿ ಮಾಡ್ಕೋಬೇಡಿ.

ಕಾಳಿ ದಂಡೆ (ಭಾನುವಾರ ರಾತ್ರಿ 10:35)

ಅಡಿಕೆ ಚೀಲದವರೇ, ಈ ಮಾತು ನಂಬಿ ಕೂತು ಕೈ ಸುಟ್ಟುಕೊಂಡವರನ್ನು ತುಂಬ ನೋಡಿದ್ದೇನೆ. ಇದೇ ಜಿಲ್ಲೆಯಲ್ಲಿ ವಕೀಲಿ ಮಾಡುತ್ತೇನೆ, ಇಪ್ಪತ್ತು ವರ್ಷ ದಾಟಿತು.

1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ಹೇಳುವುದು ಇಷ್ಟೇ: 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. 'ಸಾಮಾನ್ಯವಾಗಿ' ಅನ್ನುವ ಪದ ಅಲ್ಲೇ ಇದೆ. ಇವರ ಮಾಣಿಗೆ ಏಳು. ಹಾಗಾಗಿ ಆ ಕಲಮು ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಅದೇ ಕಾಯ್ದೆಯ 13ನೇ ಕಲಂ ಮಗುವಿನ ಹಿತವೇ ಎಲ್ಲಕ್ಕಿಂತ ಮೊದಲು ಅನ್ನುತ್ತದೆ. ಇನ್ನು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅದು ಎಲ್ಲ ಧರ್ಮದವರಿಗೂ ಇದೆ, ಭಟ್ಕಳದವರಿಗೂ ಇದೆ, ನಮಗೂ ಇದೆ. ಅದರ 17ನೇ ಕಲಂ ಪ್ರಕಾರ ಮಗುವಿನ ವಯಸ್ಸು, ಪಾಲನೆ ಕೇಳುವವರ ಗುಣ ನಡತೆ, ಅವರಿಗೂ ಮಗುವಿಗೂ ಇರುವ ಸಂಬಂಧ ಎಲ್ಲ ನೋಡಬೇಕು. ತಿಳಿದು ಹೇಳುವಷ್ಟು ವಯಸ್ಸಿನ ಮಗುವಾದರೆ ಅದರ ಇಷ್ಟವನ್ನೂ ನೋಡಬಹುದು. ಇಷ್ಟ ಕೇಳುತ್ತಾರೆ ಅಂದರೆ ಹಾಗೇ ಮಾಡುತ್ತಾರೆ ಅಂತಲ್ಲ.

ದೇವಿಮನೆ ಅವರೇ, ನಿಮ್ಮದು ಎರಡು ದಾರಿಯಲ್ಲಿ ಓಡುತ್ತಿರುವ ಕೇಸು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಮಿನಡಿ ಮ್ಯಾಜಿಸ್ಟ್ರೇಟರೇ ತಾತ್ಕಾಲಿಕ ಕಸ್ಟಡಿ ಕೊಡಬಹುದು. ಭೇಟಿಯಿಂದ ಮಗುವಿಗೆ ತೊಂದರೆ ಅನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು. ನಮ್ಮಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಅಂದರೆ ಸಿಡಿಪಿಒ, ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರ ಹತ್ತಿರ ಘಟನಾ ವರದಿ ಬರೆಸಿದ್ದೀರಾ? ಬರೆಸಿದ್ದರೆ ಅದರ ಪ್ರತಿ ಕಸ್ಟಡಿ ಕಡತಕ್ಕೂ ಹೋಗಿದೆಯಾ? ಈ ಕೋರ್ಟಿನಲ್ಲಿ ಇರುವ ಕಾಗದ ಆ ಕೋರ್ಟಿಗೆ ತಾನಾಗೇ ನಡೆದುಕೊಂಡು ಹೋಗುವುದಿಲ್ಲ. ನಾವೇ ಒಯ್ದು ಹಾಕಬೇಕು. ಅರ್ಧ ಕೇಸು ಹಾಳಾಗುವುದು ಇಲ್ಲೇ.

ಇನ್ನೊಂದು. ಮಗು ಇಳಿಯದಿದ್ದ ದಿನವೇ ಭೇಟಿಯ ಕ್ರಮ ಬದಲಿಸಿ ಅಂತ ನೀವು ಅರ್ಜಿ ಹಾಕಬೇಕಿತ್ತು. ಅವರು ದೂರು ಕೊಟ್ಟ ಮೇಲೆ ಹೇಳುವ ಕಾರಣ ನೆಪದ ಹಾಗೆ ಕಾಣುತ್ತದೆ.

ಕುಮಟೆ ಪ್ಯಾಟೆ (ಸೋಮವಾರ ಬೆಳಿಗ್ಗೆ 6:50)

ನಾನು ಆಚೆ ದಡದವನು. ಅಪ್ಪ.

ಹದಿನಾಲ್ಕು ತಿಂಗಳು ಮಗಳ ಮುಖ ನೋಡಿರಲಿಲ್ಲ. ಆಕ್ಷೇಪಣೆಯಲ್ಲಿ ನಾನು ಕುಡಿದು ಬಂದು ಹೊಡೆಯುತ್ತೇನೆ ಅಂತ ಇತ್ತು. ನಾನು ಕುಡಿಯುವುದಿಲ್ಲ, ಹೊಡೆದೂ ಇಲ್ಲ. ಆದರೆ ಇಂಥ ಕಡೆ ಬಂದು ಬರೆಯುವ ಗಂಡಸರೆಲ್ಲ ಇದನ್ನೇ ಬರೆಯುತ್ತಾರೆ. ಹಾಗಾಗಿ ನನ್ನ ಮಾತನ್ನು ನಂಬಲೇಬೇಕು ಅಂತ ಒತ್ತಾಯ ಇಲ್ಲ.

ಕೊನೆಗೆ ಒಂದು ವಿಡಿಯೋ ಕರೆ ಸಿಕ್ಕಿತು. ಆರು ವರ್ಷದ ಕೂಸು ಹೇಳಿದ್ದು: 'ನೀವು ನಮಗೆ ಮಾನಸಿಕ ಹಿಂಸೆ ಕೊಟ್ಟಿದ್ದೀರಿ.' ಬಹುವಚನ! ನನ್ನನ್ನು ಯಾವಾಗಲೂ 'ಅಪ್ಪಾ ಬಾರೋ' ಅನ್ನುತ್ತಿದ್ದ ಮಗು. ಹೇಳಿ ಮುಗಿಸಿ ಫೋನಿನ ಆಚೆ ಯಾರನ್ನೋ ನೋಡಿತು, ಪಾಠ ಒಪ್ಪಿಸಿ ಅಕ್ಕೋರ ಮುಖ ನೋಡುತ್ತವಲ್ಲ, ಹಾಗೆ.

ನನ್ನ ಕೈ ಹಿಡಿದದ್ದು ಒಂದು ನೋಟ್‌ಬುಕ್. ಯಾವ ದಿನ ಫೋನ್ ಮಾಡಿದೆ, ಯಾರು ಎತ್ತಿದರು, ಏನಂದರು, ಹುಟ್ಟುಹಬ್ಬಕ್ಕೆ ಕಳಿಸಿದ ಸೈಕಲ್ ವಾಪಸ್ ಬಂದ ಟ್ರಾನ್ಸ್‌ಪೋರ್ಟ್ ರಸೀದಿ. ವಕೀಲರು 2020ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದರು. ಕಸ್ಟಡಿ ಒಬ್ಬರ ಹತ್ತಿರ ಇದ್ದರೂ ಇನ್ನೊಬ್ಬರಿಗೆ ಭೇಟಿ ಸಿಗಬೇಕು, ದೂರ ಇದ್ದರೆ ಫೋನ್, ವಿಡಿಯೋ ಕರೆಯಲ್ಲಾದರೂ ಸಂಪರ್ಕ ಇರಬೇಕು ಅಂತ ಅದರಲ್ಲಿದೆ. ನೋಟ್‌ಬುಕ್ಕೂ ತೀರ್ಪೂ ಜೊತೆಗಿದ್ದವು, ಕೆಲಸ ಆಯಿತು. ಬರೀ ತೀರ್ಪು ಹಿಡಿದುಕೊಂಡು ಹೋಗಿದ್ದರೆ ಆಗುತ್ತಿರಲಿಲ್ಲ.

ಅಡಿಕೆ ಚೀಲ (ಸೋಮವಾರ ಬೆಳಿಗ್ಗೆ 8:15)

ಹಾಗಾದರೆ ಇವರೂ ಒಂದು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು) ಹಾಕಲಿ. ಭೇಟಿ ಗೀಟಿ ಎಲ್ಲ ಅಲ್ಲಿಗೇ ನಿಲ್ಲುತ್ತದೆ.

ಹಳೇ ಅಕ್ಕೋರು (ಸೋಮವಾರ ಬೆಳಿಗ್ಗೆ 8:32)

ತಮ್ಮಾ, ನಿನಗೆ ಬುದ್ಧಿ ಇದೆಯಾ?

ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಮಗು ನಿಜವಾಗಿ ಅಂಥದ್ದೇನಾದರೂ ಹೇಳಿದರೆ ಮುಚ್ಚಿಡುವ ಹಾಗಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಯಾರೇ ಆಗಲಿ ತಿಳಿಸಲೇಬೇಕು. ನಾನು ಒಮ್ಮೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದೇನೆ, ಊರವರು ಆರು ತಿಂಗಳು ಮಾತು ಬಿಟ್ಟರು. ಪರವಾಗಿಲ್ಲ. ಆದರೆ ಆಗದ್ದನ್ನು ಆಯಿತು ಅಂತ ಮಗುವಿನ ಬಾಯಲ್ಲಿ ಹೇಳಿಸುವುದು ಬೇರೆ. ಆ ಮಗು ಅದನ್ನೇ ಪೊಲೀಸರ ಮುಂದೆ, ಡಾಕ್ಟರ ಮುಂದೆ, ಜಡ್ಜರ ಮುಂದೆ ಹೇಳಬೇಕು. ಹೇಳಿ ಹೇಳಿ ಕೊನೆಗೆ ನಿಜ ಯಾವುದು ಅಂತ ಅದಕ್ಕೇ ಗೊತ್ತಾಗುವುದಿಲ್ಲ. ಬೇಕೆಂದೇ ಸುಳ್ಳು ದೂರು ಕೊಟ್ಟರೆ 22ನೇ ಕಲಮಿನಲ್ಲಿ ಶಿಕ್ಷೆಯೂ ಇದೆ, ದೊಡ್ಡವರಿಗೆ. ಮಗುವಿಗೆ ಇಲ್ಲ.

ದೇವಿಮನೆ ಅವರೇ, ಶಾಲೆಯವರ ಹತ್ತಿರ 'ನಮ್ಮ ಪರವಾಗಿ ಬರೆದುಕೊಡಿ' ಅಂತ ಹೋಗಬೇಡಿ. ನನ್ನ ಹತ್ತಿರ ಅಪ್ಪಂದಿರೂ ಬಂದಿದ್ದಾರೆ, ಆಯಿಯರೂ ಬಂದಿದ್ದಾರೆ. ಹಾಜರಿ ಪುಸ್ತಕದ ಪ್ರತಿ ಕೊಟ್ಟು ಕಳಿಸಿದ್ದೇನೆ. ಯಾವ ದಿನ ಮಗು ಬರಲಿಲ್ಲ, ಯಾವ ದಿನ ಮೈಮೇಲೆ ಗಾಯ ಇತ್ತು ಅಂತ ಆ ದಿನವೇ ಬರೆದಿಟ್ಟಿದ್ದರೆ ಅದಕ್ಕೆ ಬೆಲೆ ಇದೆ.

ಅಘನಾಶಿನಿ (ಸೋಮವಾರ ಮಧ್ಯಾಹ್ನ 2:05)

ಆಪ್ತಸಮಾಲೋಚಕಿ. ಧಾರವಾಡದಲ್ಲಿ ಕಲಿತು ಈಗ ಕರಾವಳಿಯಲ್ಲಿದ್ದೇನೆ.

ಈ 'ಏಲಿಯನೇಷನ್' ಪದದ ಹುಟ್ಟು ಗೊತ್ತಿರಲಿ. 1985ರಲ್ಲಿ ರಿಚರ್ಡ್ ಗಾರ್ಡ್ನರ್ ಎಂಬ ಅಮೆರಿಕದ ಮನೋವೈದ್ಯ ಇದನ್ನು ಒಂದು ಸಿಂಡ್ರೋಮ್ ಅಂತ ಕರೆದ. ಅಂದರೆ ಮಗುವಿಗೆ ಬಂದ ಒಂದು ಕಾಯಿಲೆಯ ಹಾಗೆ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಬಂದಾಗ ಅದರಲ್ಲಿ ಇದನ್ನು ಕಾಯಿಲೆ ಅಂತ ಸೇರಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರ ಸೂಚಿಯಲ್ಲಿದ್ದ ಈ ಪದವನ್ನು 2020ರಲ್ಲಿ ತೆಗೆದುಹಾಕಿತು. 2023ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್ಸಲೆಮ್ ಇನ್ನೂ ಗಟ್ಟಿಯಾಗಿ ಹೇಳಿದರು. ಹಿಂಸೆಯ ಬಗ್ಗೆ ದೂರಿದ ತಾಯಂದಿರ ಮೇಲೇ ಇದನ್ನು ತಿರುಗಿಸುತ್ತಿದ್ದಾರೆ, ಕೌಟುಂಬಿಕ ನ್ಯಾಯಾಲಯಗಳಲ್ಲಿ ಇದರ ಬಳಕೆ ನಿಲ್ಲಿಸಬೇಕು ಅಂತ.

ಹಾಗಂತ ಕುಮಟೆಯವರು ಹೇಳಿದ್ದು ಸುಳ್ಳಾಗುವುದಿಲ್ಲ. ಕಾಯಿಲೆ ಅಲ್ಲ ಅಂದರೂ ಕಿವಿ ಊದುವವರು ಇದ್ದೇ ಇರುತ್ತಾರೆ.

ನನ್ನ ಮುಂದೆ ಕೂತ ಮಗು 'ಹೋಗಲ್ಲ' ಅಂದರೆ ನಾನು ಮೊದಲು ಕೇಳುವುದು ಹೋದರೆ ಏನಾಗುತ್ತದೆ ಅಂತ. 'ಅಲ್ಲಿ ಕತ್ತಲೆ ಕೋಣೆ ಇದೆ, ಬೆಲ್ಟು ಬಾಗಿಲ ಹಿಂದೆ ತೂಗುತ್ತದೆ' ಅಂದ ಮಗುವಿನ ಮಾತಿನಲ್ಲಿ ಜಾಗ ಇದೆ, ವಸ್ತು ಇದೆ. 'ಅವರು ಕೆಟ್ಟವರು, ಅವರಿಗೆ ಜವಾಬ್ದಾರಿ ಇಲ್ಲ' ಅಂದರೆ ಅದು ದೊಡ್ಡವರ ಮಾತು. ಆದರೆ ಇದನ್ನೇ ಪರೀಕ್ಷೆ ಅಂದುಕೊಳ್ಳಬೇಡಿ. ಹೆದರಿದ ಮಗು ಕೆಲವು ಸಲ ಏನೂ ಹೇಳುವುದಿಲ್ಲ. ಹೊಡೆಯುವ ಅಪ್ಪನ ತೊಡೆಯ ಮೇಲೆ ನಗುತ್ತಾ ಕೂತ ಮಗುವನ್ನೂ ನೋಡಿದ್ದೇನೆ. ಒಂದೇ ಭೇಟಿಯಲ್ಲಿ ವರದಿ ಬರೆದುಕೊಡಿ ಅಂದರೆ ನಾನು ಒಪ್ಪುವುದಿಲ್ಲ. ಎರಡೂ ಕಡೆಯವರ ಜೊತೆ ಮಗುವನ್ನು ಬೇರೆ ಬೇರೆ ದಿನ ನೋಡಬೇಕು. ಘಟ್ಟ ಇಳಿದು ವಾಂತಿ ಮಾಡಿಕೊಂಡು ಬಂದ ದಿನ ಅಂತೂ ನೋಡಬಾರದು.

ಕಾಳಿ ದಂಡೆ (ಸೋಮವಾರ ರಾತ್ರಿ 9:10)

ಅಘನಾಶಿನಿ ಅಕ್ಕ ಹೇಳಿದ್ದಕ್ಕೆ ಕೋರ್ಟಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಎರಡು ತೀರ್ಪು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಸುಪ್ರೀಂ ಕೋರ್ಟಿನವು, ಎರಡರಲ್ಲೂ ಅಪ್ಪ ಸೈನ್ಯದ ಅಧಿಕಾರಿ, ಎರಡರಲ್ಲೂ ಮಕ್ಕಳು ಅಪ್ಪನ ಹತ್ತಿರವೇ ಇರುತ್ತೇವೆ ಅಂದರು.

2017ರದ್ದು ಮೊದಲು. ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ದೂರವಾದ ಹೆಣ್ಣುಮಗು. ಕೋರ್ಟು ಅಲ್ಲಿ ಈ 'ಸಿಂಡ್ರೋಮ್' ಪದವನ್ನೇ ಬಳಸಿತು. ತಾಯಿಯ ಜೊತೆ ಬಾಳಿಯೇ ನೋಡದ ಮಗುವಿಗೆ ಆರಿಸಿಕೊಳ್ಳಲು ಅವಕಾಶವೇ ಇರಲಿಲ್ಲ ಅಂತ ತಾಯಿಯ ಹತ್ತಿರ ಕಳಿಸಿತು. 2024ರ ಮೇ ತಿಂಗಳದ್ದು ಇನ್ನೊಂದು. ಅಲ್ಲಿ ಮಕ್ಕಳು ದೊಡ್ಡವರು, ಕೇಳಿದಾಗಲೆಲ್ಲ ಒಂದೇ ಮಾತು ಹೇಳಿದರು. ಅಪ್ಪ ತಲೆ ಕೆಡಿಸಿದ್ದಾರೆ ಅಂತ ತಾಯಿಯ ವಾದ. ಯಾವ ದಿನ, ಯಾವ ನಡವಳಿಕೆ ಅಂತ ಬಿಡಿ ಬಿಡಿಯಾಗಿ ಗುರುತಿಸದೆ ತಂದೆಯ ಮೇಲಾಗಲಿ ತಾಯಿಯ ಮೇಲಾಗಲಿ ಈ ಹಣೆಪಟ್ಟಿ ಅಂಟಿಸಬಾರದು ಅಂದಿತು ಕೋರ್ಟು. ಮಕ್ಕಳು ಅಪ್ಪನ ಹತ್ತಿರವೇ ಉಳಿದರು.

ನಿಮ್ಮ ಭಾವನ ನಾಲ್ಕು ಪುಟಕ್ಕೆ ಉತ್ತರ ಈ 2024ರ ತೀರ್ಪಿನಲ್ಲಿದೆ. ನಾಲ್ಕು ಪುಟದಲ್ಲಿ ತಾರೀಕು ಎಷ್ಟಿವೆ ಎಣಿಸಿ. ಅದೇ ಹೊತ್ತಿಗೆ ನಿಮ್ಮ ಅರ್ಜಿಯಲ್ಲಿ ಎಷ್ಟಿವೆ ಅಂತಲೂ ಎಣಿಸಿ. 'ಸದಾ ಹಿಂಸೆ ಕೊಡುತ್ತಿದ್ದ' ಅಂತ ಬರೆದರೆ ಯಾವ ಜಡ್ಜಿಗೂ ಹಿಡಿಯಲು ಎಳೆ ಸಿಗುವುದಿಲ್ಲ.

ಹೆಂಡತಿಗೆ ಹೊಡೆದ, ಮಗನಿಗೆ ಹೊಡೆದಿಲ್ಲವಲ್ಲ ಅನ್ನುವ ವಾದ ಬಂದೇ ಬರುತ್ತದೆ. 2008ರಲ್ಲಿ ಸುಪ್ರೀಂ ಕೋರ್ಟು, ತಾಯಿಯ ಸಾವಿನ ಕೇಸಿನಲ್ಲಿ ಆರೋಪಿಯಾಗಿದ್ದ ತಂದೆಗೆ ಮಗುವನ್ನು ಒಪ್ಪಿಸಿದ್ದ ಆದೇಶ ರದ್ದು ಮಾಡಿ ಅಜ್ಜ ಅಜ್ಜಿಯ ಹತ್ತಿರ ಬಿಟ್ಟಿತು. ಆ ಕೇಸು, ತಂದೆಯ ನಡತೆ, ಮಗುವಿನ ಇಷ್ಟ ಇವನ್ನು ಕೆಳಗಿನ ಕೋರ್ಟುಗಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಅಂತ ಕಾರಣ. ನಿಮ್ಮದು ಅಷ್ಟು ದೊಡ್ಡದಲ್ಲ, ಆದರೆ ತಾಯಿಯ ಮೇಲಿನ ಹಿಂಸೆ ಮಗುವಿಗೆ ಸಂಬಂಧ ಇಲ್ಲದ ವಿಷಯ ಅಂತ ಯಾರೂ ತಳ್ಳಿಹಾಕುವ ಹಾಗಿಲ್ಲ.

ಮಳೆಗಾಲದ ಮಾಣಿ (ಸೋಮವಾರ ರಾತ್ರಿ 11:48)

ಬರೆಯಬೇಕೋ ಬೇಡವೋ ಅಂತ ಎರಡು ದಿನದಿಂದ ನೋಡುತ್ತಿದ್ದೆ. ನನಗೀಗ 24. ಕಾರಿನ ಬಾಗಿಲು ಹಿಡಿದು ಕೂತ ಆ ಹುಡುಗ ನಾನೇ ಆಗಿದ್ದೆ. ನಮ್ಮದು ಹೊನ್ನಾವರದ ಬಸ್ ಸ್ಟ್ಯಾಂಡು, ಅಷ್ಟೇ ವ್ಯತ್ಯಾಸ.

ಅಪ್ಪ ಹೊಡೆಯುತ್ತಿದ್ದ. ಅಮ್ಮನಿಗೆ. ನಾನು ಕಂಡಿದ್ದೇನೆ, ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ನಿಜ.

ಇದೂ ನಿಜ. ಅಪ್ಪನ ಫೋನ್ ಬಂದಾಗ ಅಜ್ಜಿ ಟಿವಿ ಜೋರು ಮಾಡುತ್ತಿದ್ದಳು. ನಾನು ಅಪ್ಪನ ಜೊತೆ ಐಸ್‌ಕ್ರೀಮ್ ತಿಂದೆ ಅಂತ ಹೇಳಿದ ದಿನ ಮನೆಯಲ್ಲಿ ಯಾರೂ ಬೈಯಲಿಲ್ಲ, ಆದರೆ ಅಮ್ಮ ಊಟ ಮಾಡಲಿಲ್ಲ. ಮುಂದಿನ ಸಲ 'ಬೇಜಾರಾಯ್ತು, ಅವನು ಮಾತೇ ಆಡಲಿಲ್ಲ' ಅಂದೆ. ಅಮ್ಮ ನನಗೆ ದೋಸೆ ಹೊಯ್ದು ಕೊಟ್ಟಳು, ಬೆಲ್ಲ ತುಪ್ಪ ಹಾಕಿ. ಎಂಟು ವರ್ಷದ ಹುಡುಗನಿಗೆ ಇಷ್ಟು ಸಾಕು. ನನಗೆ ಯಾರೂ ಸುಳ್ಳು ಕಲಿಸಲಿಲ್ಲ, ನಾನಾಗೇ ಕಲಿತೆ.

ಜಡ್ಜ್ ತಮ್ಮ ಕೊಠಡಿಗೆ ಕರೆದಿದ್ದರು. ಒಳ್ಳೆಯವರು. ಕ್ರಿಕೆಟ್ ಬಗ್ಗೆ ಕೇಳಿದರು. ಆಮೇಲೆ ಯಾರ ಹತ್ತಿರ ಇರಲು ಇಷ್ಟ ಅಂದರು. ನಾನು ಅಮ್ಮ ಅಂದೆ, ಅದು ನಿಜವೇ. ಅಪ್ಪನನ್ನು ನೋಡಬೇಕಾ ಅಂದರು. ಬೇಡ ಅಂದೆ. ಅದು ನಿಜವಾ ಅಂತ ನನಗೆ ಈಗಲೂ ಗೊತ್ತಿಲ್ಲ. ಅವರ ಮೇಜಿನ ಮೇಲೆ ಗಾಜಿನ ಕೆಳಗೆ ಹಳೇ ಕ್ಯಾಲೆಂಡರ್ ಇತ್ತು, ಅದನ್ನು ಮಾತ್ರ ಇವತ್ತಿಗೂ ಬರೆದು ತೋರಿಸಬಲ್ಲೆ.

ಅಪ್ಪ ಈಗ ಇಲ್ಲ. ಅವನು ಒಳ್ಳೆಯವನಾಗಿದ್ದ ಅಂತ ಹೇಳಲು ಬಂದವನಲ್ಲ ನಾನು. ಮಾವ ನೀವು ಅಂತ ಬರೆದೆ, ಅಷ್ಟೇ. ಕಾರಿನಲ್ಲಿ ನನ್ನ ಪಕ್ಕ ಕೂತಿರುತ್ತಿದ್ದದ್ದೂ ಮಾವನೇ.

ದೇವಿಮನೆ ತಿರುವು (ಮಂಗಳವಾರ ರಾತ್ರಿ 10:02)

ನಿನ್ನೆ ರಾತ್ರಿ ಇದನ್ನು ಓದಿ ನಿದ್ದೆ ಬರಲಿಲ್ಲ.

ಒಂದು ಮಾತು ಮೊದಲ ದಿನ ಬರೆದಿರಲಿಲ್ಲ. ಮೂರನೇ ಶನಿವಾರ ಅಂಕೋಲೆ ದಾಟಿದ ಮೇಲೆ ನಾನೇ ಮಾಣಿಗೆ ಹೇಳಿದ್ದೆ, 'ನಿಂಗೆ ಇಷ್ಟ ಇಲ್ದಿದ್ರೆ ಇಳಿಬೇಡ, ನಾನಿದ್ದೇನೆ' ಅಂತ. ಧೈರ್ಯ ಹೇಳಿದೆ ಅಂದುಕೊಂಡಿದ್ದೆ. ಆಯಿ ಅವನ ಎದುರೇ ಭಾವನಿಗೆ ಶಾಪ ಹಾಕುತ್ತಾಳೆ. ಅದೂ ಇದೆ.

ಆದರೆ ಮೊಣಕೈ ನೀಲಿಯಾಗಿದ್ದೂ ಇದೆಯಲ್ಲ? ಒಂದನ್ನು ಒಪ್ಪಿದರೆ ಇನ್ನೊಂದು ಬಿದ್ದುಹೋಗುತ್ತದಾ ವಕೀಲ್ರೇ?

ಕಾಳಿ ದಂಡೆ (ಮಂಗಳವಾರ ರಾತ್ರಿ 10:40)

ಬಿದ್ದುಹೋಗುವುದಿಲ್ಲ. ಬೀಳಿಸಲು ಎದುರು ವಕೀಲರು ನೋಡುತ್ತಾರೆ, ಅದು ಅವರ ಕೆಲಸ. ಆದರೆ ಒಳ್ಳೆಯ ಜಡ್ಜ್ ಎರಡನ್ನೂ ಬೇರೆ ಬೇರೆ ಪ್ರಶ್ನೆಯಾಗಿ ನೋಡುತ್ತಾರೆ. ಹಿಂಸೆ ನಡೆದಿದೆಯೇ, ಮಗುವಿಗೆ ಈಗ ಅಪಾಯ ಇದೆಯೇ ಅನ್ನುವುದು ಮೊದಲು. ಅಪಾಯ ಇಲ್ಲ ಅಂತಾದರೆ ಭೇಟಿ ಹೇಗೆ ನಡೆಯಬೇಕು ಅನ್ನುವುದು ಆಮೇಲೆ. ನನಗೆ ಸಿಟ್ಟು ಬರುವುದು ಈ ಕ್ರಮ ಉಲ್ಟಾ ಆದಾಗ. ಮೊದಲೇ 'ತಾಯಿ ತಲೆ ತುಂಬಿದ್ದಾಳೆ' ಅಂತ ತೀರ್ಮಾನಿಸಿ, ಆ ಕಣ್ಣಿನಿಂದ ಹೊಡೆತದ ದೂರನ್ನು ಓದಿದರೆ ಎಲ್ಲವೂ ಕಟ್ಟುಕತೆಯ ಹಾಗೆ ಕಾಣುತ್ತದೆ. ಅಂಥ ಆದೇಶವನ್ನೂ ಓದಿದ್ದೇನೆ. ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ಸರಿ ಮಾಡಿಸಿಕೊಂಡು ಬರುವಷ್ಟರಲ್ಲಿ ಮಗು ಎರಡು ತರಗತಿ ದಾಟಿತ್ತು.

ನಿಮ್ಮ ವಕೀಲರ ಹತ್ತಿರ ನಾಳೆಯೇ ಹೋಗಿ ಕಾರಿನ ಮಾತನ್ನೂ ಸೇರಿಸಿ ಎಲ್ಲ ಹೇಳಿ. ಪಾಟೀ ಸವಾಲಿನಲ್ಲಿ ಹೊರಬಂದರೆ ತಂಗಿಯ ನಿಜವೂ ಮಸಿಯಾಗುತ್ತದೆ. ಭೇಟಿ ಕಾರವಾರದ ಬದಲು ಕುಮಟೆಯಲ್ಲಿ ಆಗಲಿ, ಆಪ್ತಸಮಾಲೋಚಕರ ಎದುರು ಆಗಲಿ ಅಂತ ನೀವೇ ಅರ್ಜಿ ಹಾಕಿ. ಭೇಟಿ ಬೇಡ ಅನ್ನುವವರಿಗಿಂತ ಹೀಗೆ ಆಗಲಿ ಅನ್ನುವವರ ಮಾತು ಕೋರ್ಟಿನ ಕಿವಿಗೆ ಬೀಳುತ್ತದೆ. ಖರ್ಚಿನ ಚಿಂತೆ ಇದ್ದರೆ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿ.

ಕುಮಟೆ ಪ್ಯಾಟೆ (ಬುಧವಾರ ಬೆಳಿಗ್ಗೆ 7:05)

ಕುಮಟೆಯಲ್ಲಿ ಆದರೆ ಹೇಳಿ. ಮಾಣಿಗೆ ಅಂಗಿ ಬದಲಿಸಲು ನಮ್ಮ ಅಂಗಡಿಯ ಹಿಂದೆ ನೀರು ಇದೆ.

ದೇವಿಮನೆ ತಿರುವು (ಐದು ವಾರದ ನಂತರ)

ಏನಾಯಿತು ಅಂತ ಇಬ್ಬರು ಕೇಳಿದ್ದರು.

ಭೇಟಿ ಕುಮಟೆಗೆ ಬದಲಾಯಿತು. ಒಂದು ತಾಸು, ಆಪ್ತಸಮಾಲೋಚಕರ ಕೋಣೆಯಲ್ಲಿ. ನಮ್ಮ ಕಡೆಯವರೂ ಅವರ ಕಡೆಯವರೂ ಹೊರಗೆ. ಘಟನಾ ವರದಿಯ ಪ್ರತಿ, ಜಾತ್ರೆಯ ಆ ವಾರ ತಂಗಿ ಯಾರಿಗೂ ಹೇಳದೆ ಡಾಕ್ಟರಿಗೆ ತೋರಿಸಿದ್ದ ಚೀಟಿ ಎರಡೂ ಕಸ್ಟಡಿ ಕಡತಕ್ಕೆ ಹೋದವು. ಆ ಚೀಟಿ ಅವಳ ಹಳೇ ಪರ್ಸಿನಲ್ಲೇ ಇತ್ತು. ಜಡ್ಜ್ ಇನ್ನೂ ಏನೂ ತೀರ್ಮಾನಿಸಿಲ್ಲ, ಮಗುವನ್ನು ಕರೆದು ಮಾತಾಡುತ್ತೇನೆ ಅಂದಿದ್ದಾರೆ.

ಮೊದಲ ಭೇಟಿಗೆ ನಾನು ಹೋಗಲಿಲ್ಲ. ಬೇಕೆಂದೇ. ತಂಗಿಯೂ ಅವಳ ಗೆಳತಿಯೂ ಹೋದರು. ಮಾಣಿ ಒಳಗೆ ಹೋಗಿ ಇಪ್ಪತ್ತು ನಿಮಿಷ ಗೋಡೆ ನೋಡಿಕೊಂಡು ಕೂತನಂತೆ. ಭಾವ ಏನೋ ಕೇಳಿದ್ದಕ್ಕೆ ತಲೆ ಆಡಿಸಿದನಂತೆ. ಅಷ್ಟೇ. ಸಂಜೆ ಮನೆಗೆ ಬಂದ ಮೇಲೆ ಹೇಗಾಯ್ತು ಅಂತ ಕೇಳಲು ಆಯಿ ಬಾಯಿ ತೆರೆದಳು. ಊಟಕ್ಕೆ ಬಡಿಸು ಅಂದೆ.

ಹೋಗುವಾಗ ವಾಂತಿ ಇಲ್ಲವಂತೆ. ಬರುವಾಗ ಎರಡು ಸಲ.

ಅಘನಾಶಿನಿ (ಅದೇ ದಿನ ರಾತ್ರಿ 9:30)

ಮುಂದಿನ ಸಲ ಹೊರಡುವ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ. ಮುಂದಿನ ಸೀಟಿನ ಹಿಂದೆ, ಹೊರಗೆ ಕಾಣುವ ಹಾಗೆ ಕೂರಿಸಿ. ಬೇಡ ಅಂದರೆ ಏನೂ ಕೇಳಬೇಡಿ.